ಹೇಳದೆ ಕೇಳದೆ ಎದ್ದು ಹೋಗುವ ನಮ್ಮ ಮನೆಯ ಕಂಪ್ಯೂಟರ್ ಅವರಿಗೆ ಸಂತೆಯವರ ದೂರು

ಮಾನ್ಯರೇ,

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಉಪ್ಪು ಹಾಕಿದ ಸಾಸಿವೆ ಸೊಪ್ಪಿನ ಜಾಡಿಗಳಿಗೂ ಗೊರಗುಟ್ಟುವ ಹಳೆಯ ಫ್ರೀಜರಿಗೂ ನಡುವೆ, ಕಪ್ಪು ಪೆಟ್ಟಿಗೆಯ ರೂಪದಲ್ಲಿ ವಿರಾಜಮಾನರಾಗಿರುವ ತಮಗೆ, ದೋಣಿಕಟ್ಟೆ ಸಂತೆಯ ವ್ಯಾಪಾರಿಗಳ ಸಂಘದ ಪರವಾಗಿ, ಅದರ ಕಾರ್ಯದರ್ಶಿಯೂ ತಮ್ಮ ವಿದ್ಯುತ್ ಬಿಲ್ಲು ಕಟ್ಟುವವಳೂ ಆದ ಷಿಹ್ ಲೀ-ಚುವಾನ್ ಎಂಬ ನಾನು ತಲೆಬಾಗಿ ವಂದಿಸುತ್ತೇನೆ. ಈ ಪತ್ರವನ್ನು ತಮ್ಮಲ್ಲೇ ಟೈಪು ಮಾಡಬೇಕಾದದ್ದು ಮರ್ಯಾದೆ. ಆದರೆ ಎರಡನೇ ಪ್ಯಾರಾ ಮುಗಿಯುವ ತನಕ ತಾವು ಎಚ್ಚರವಾಗಿರುತ್ತೀರೆಂದು ನಂಬುವಷ್ಟು ಧೈರ್ಯ ನನಗೆ ಉಳಿದಿಲ್ಲವಾದ್ದರಿಂದ ಕೈಯಲ್ಲೇ ಬರೆದು ಸಂತೆಯ ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದೇನೆ.

ಸಂಘದ ಪದ್ಧತಿಯಂತೆ ಮೊದಲು ಲೆಕ್ಕ ಒಪ್ಪಿಸುತ್ತೇನೆ.

ಕೊಟ್ಟ ಮಾತು: ನಾವು ಕೆಲಸ ಮಾಡುವಷ್ಟು ಹೊತ್ತು ತಾವೂ ಎದ್ದಿರುವುದು. ನಡೆದದ್ದು: ಇಲ್ಲ.

ಕೊಟ್ಟ ಮಾತು: ಹೋಗುವ ಮುಂಚೆ ಹೇಳಿ ಹೋಗುವುದು. ನಡೆದದ್ದು: ಇಲ್ಲ. ಮದುವೆ ಮನೆಯಲ್ಲಿ ಉಂಡು ಎಲೆ ಮಡಿಸದೆ ಎದ್ದವರೂ ತಮಗಿಂತ ಮೇಲು.

ಕೊಟ್ಟ ಮಾತು: ಮಾಡಿದ ಕೆಲಸವನ್ನು ಕಾಪಾಡುವುದು. ನಡೆದದ್ದು: ಅರ್ಧ ಬೆಂದ ಅನ್ನದಂತೆ, ಯಾರಿಗೂ ಬಡಿಸಲಾಗದ ತುಂಡುಗಳು.

ಕೊಟ್ಟ ಮಾತು: ತೊಂದರೆ ಏನೆಂದು ತಿಳಿಸುವುದು. ನಡೆದದ್ದು: ಪ್ರತಿ ಸಲ ಮರಳಿ ಬಂದು "ಯಂತ್ರ ಅನಿರೀಕ್ಷಿತವಾಗಿ ನಿಂತುಹೋಗಿತ್ತು" ಎಂಬ ಒಂದೇ ಸಾಲು. ಅನಿರೀಕ್ಷಿತ ಯಾರಿಗೆ ಸ್ವಾಮಿ? ಈ ಬಂದರು ಊರಿನಲ್ಲಿ ಮಳೆಯನ್ನು ಕೂಡ ನಾವು ಇಷ್ಟು ಖಾತರಿಯಾಗಿ ನಿರೀಕ್ಷಿಸುವುದಿಲ್ಲ.

ತಾವು ಏಕೆ ನಮಗೆ ಇಷ್ಟು ಬೇಕಾದವರು ಎಂಬುದು ತಮ್ಮ ಗಮನಕ್ಕೆ ಬಂದಿರಲಾರದು, ಪಾಪ, ತಮಗೆ ಬಿಡುವೆಲ್ಲಿ. ನಗರದ ಮಾರುಕಟ್ಟೆ ಇಲಾಖೆಯವರು ನಮ್ಮ ತಗಡಿನ ಸೂರಿನ ಸಂತೆಯನ್ನು ಕೆಡವಿ ಅಲ್ಲಿ ಗಾಜಿನ ಕಟ್ಟಡ ಎಬ್ಬಿಸಿ ನಮ್ಮನ್ನೆಲ್ಲ ಅದರ ನೆಲಮಾಳಿಗೆಗೆ ಇಳಿಸುವ ಯೋಜನೆ ಹಾಕಿದ್ದಾರೆ. ಯೋಜನೆಯ ಬಣ್ಣದ ಚಿತ್ರದಲ್ಲಿ ಮರಗಳಿವೆ, ಬೆಲೂನು ಹಿಡಿದ ಮಗುವಿದೆ, ನಾಯಿಯೂ ಇದೆ. ನೆಲಮಾಳಿಗೆಗೆ ಗಾಳಿ ಬರುವ ದಾರಿ ಮಾತ್ರ ಯಾವ ಮೂಲೆಯಲ್ಲೂ ಕಾಣುವುದಿಲ್ಲ. ಇದರ ಬಗ್ಗೆ ನಮ್ಮ ಅಹವಾಲು ಕೇಳುವ ಸಭೆಯನ್ನು ಅವರು ಪ್ರತಿ ಸಲವೂ ಬೆಳಿಗ್ಗೆ ಹತ್ತು ಗಂಟೆಗೆ ಕರೆಯುತ್ತಾರೆ. ಬೆಳಿಗ್ಗೆ ಹತ್ತೆಂದರೆ ಮೀನಿನ ಕಟ್ಟೆಯ ಮುಂದೆ ಜನ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವ ಹೊತ್ತು. ಸಂತೆಗೆ ರಜೆ ಸೋಮವಾರ, ಅಂದು ಇಡಿ ಎಂದು ಕೇಳಿದೆವು; ಸೋಮವಾರ ಇಲಾಖೆಯೊಳಗಿನ ಸಭೆ ಇರುತ್ತದೆ ಎಂದರು. ಕಳೆದ ಸಲ ಅಂಗಡಿ ಬಿಟ್ಟು ಹೋದ ನಾಲ್ಕಾರು ಜನ ಹೆಸರು ಹೇಳಿ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಸಮಯ ಮುಗಿಯಿತೆಂದು ಗಂಟೆ ಬಾರಿಸಿ, ಹೊರಗೆ ಹೋಗುವಾಗ ಕೈಗೊಂದು ಅನಾನಸ್ ಬಿಸ್ಕತ್ತಿನ ಡಬ್ಬಿ ಕೊಟ್ಟು ಕಳಿಸಿದರು.

ಹೀಗಾಗಿ ಈ ಸಲ ನಾವು ಹೋಗದಿದ್ದರೂ ನಮ್ಮ ಬಾಯಿ ಹೋಗಲಿ ಎಂದು ತೀರ್ಮಾನಿಸಿದೆವು. ಮಾತಿನ ಬದಲು ಪುಟ್ಟ ವೀಡಿಯೊ ಚಿತ್ರವೊಂದನ್ನು ತೋರಿಸಬಹುದೆಂದು ಇಲಾಖೆಯ ನಿಯಮದಲ್ಲೇ ಇದೆ. ಅದನ್ನು ಬರೆದವರು ಮರೆತಿದ್ದಾರೆ, ನಾವು ಮರೆತಿಲ್ಲ. ಒಬ್ಬೊಬ್ಬರೂ ತಮ್ಮ ಕಟ್ಟೆಯ ಹಿಂದೆ ನಿಂತು ಹೇಳಬೇಕಾದ್ದನ್ನು ಫೋನಿಗೆ ಹೇಳಿದರು. ನನ್ನ ಗಂಡ ಕುವೋ-ಜೆನ್, ಬಸ್ಸು ಓಡಿಸಿ ನಿವೃತ್ತರಾದವರು, ಆ ತುಂಡುಗಳನ್ನೆಲ್ಲ ತಮ್ಮೊಳಗೆ ಸೇರಿಸಿ ಹೊಲಿದರು. ಇನ್ನು ಉಳಿದದ್ದು ಒಂದೇ ಗುಂಡಿ ಒತ್ತಿ ಇಡೀ ಚಿತ್ರವನ್ನು ಹೊರತೆಗೆಯುವುದು. ಆ ಗುಂಡಿ ಒತ್ತಿದ ಕೂಡಲೇ ತಾವು ಎಳೆಗಂದಿ ಹಸುವಿನಂತೆ ಬುಸುಗುಟ್ಟಿ, ಕಾಲು ಭಾಗ ಮುಗಿಯುವಷ್ಟರಲ್ಲಿ ಕಣ್ಣು ಮುಚ್ಚಿ, ಆಮೇಲೆ ಅದೇ ಸುಪ್ರಭಾತದ ರಾಗ ಹಾಡುತ್ತ, ಏನೂ ನಡೆದೇ ಇಲ್ಲವೆಂಬಂತೆ ಏಳುತ್ತೀರಿ. ಈ ನಿರ್ಮಲ ಮನಸ್ಸನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ನಿನ್ನೆಯ ಯಾವ ಮಾತನ್ನೂ ಇಂದು ನೆನಪಿಡದ ಈ ಗುಣ ಇಲಾಖೆಯ ದೊಡ್ಡ ಹುದ್ದೆಗಳಲ್ಲಿ ಮಾತ್ರ ಕಾಣಸಿಗುವಂಥದ್ದು.

ಬೇರೆ ಕಂಪ್ಯೂಟರಿನಲ್ಲಿ ಮಾಡಬಾರದಿತ್ತೇ ಎಂದು ತಾವು ಕೇಳಬಹುದು. ಸಂಘಕ್ಕಿರುವುದು ತಾವೊಬ್ಬರೇ.

ತಮ್ಮ ಮನಸ್ಸು ಒಲಿಸಲು ನಾವು ಏನೂ ಮಾಡಲಿಲ್ಲವೆಂದು ಯಾರೂ ಹೇಳಬಾರದು. ಫ್ರೀಜರಿನ ಜೊತೆ ಒಂದೇ ಪ್ಲಗ್ಗಿನಲ್ಲಿ ಪಂಕ್ತಿಭೋಜನ ಮಾಡುವುದು ತಮಗೆ ಅವಮಾನವಾಯಿತೇನೋ ಎಂದು ಗೋಡೆಯ ಪ್ರತ್ಯೇಕ ಪ್ಲಗ್ಗಿಗೆ ತಮ್ಮನ್ನು ವರ್ಗಾಯಿಸಿದೆವು. ಹಸಿರು ಬಣ್ಣದ ನೆನಪಿನ ಪಟ್ಟಿಗಳನ್ನು ಹೊರತೆಗೆದು, ಅವುಗಳ ಚಿನ್ನದ ಹಲ್ಲುಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆವು. ಒಳಗಿನ ಧೂಳನ್ನು ಬಣ್ಣ ಬಳಿಯುವ ಬ್ರಷ್ಷಿನಿಂದ ಗುಡಿಸಿದಾಗ ಫ್ಯಾನಿನ ಹಿಂದೆ ಒಂದು ಒಣಸೀಗಡಿಯ ತಲೆ ಸಿಕ್ಕಿತು. ಅದು ಅಲ್ಲಿಗೆ ಹೇಗೆ ಹೋಯಿತೆಂದು ಕೇಳುವುದು ಸಭ್ಯತೆಯಲ್ಲವೆಂದು ಸುಮ್ಮನಾದೆವು. ತಾವೇ ತಾವಾಗಿ ಮರಳಿ ಏಳುವ ಸೌಲಭ್ಯವನ್ನು ಸೆಟ್ಟಿಂಗಿನಲ್ಲಿ ನಿಲ್ಲಿಸಿ, ಕಾರಣವನ್ನಾದರೂ ಪರದೆಯ ಮೇಲೆ ಬರೆದಿಟ್ಟು ಹೋಗಿ ಎಂದು ಬೇಡಿಕೊಂಡೆವು. ಒಂದಕ್ಷರ ಬರೆಯದೆ ಕಗ್ಗತ್ತಲೆ ಮಾಡಿ ಹೋದಿರಿ. ತೋಫು ಮಾರುವ ಪೇಂಗ್ ಅಣ್ಣ ಪಕ್ಕದಲ್ಲೇ ನಿಂತಿದ್ದವರು, "ಅಕ್ಕ, ಸೋಯಾ ಹಾಲು ಒಲೆ ಮೇಲೆ ಇಟ್ಟು ಬಂದಿದ್ದೆ. ಅದು ಉಕ್ಕೋದ್ರೊಳಗೆ ಇದು ಮೂರು ಸಲ ಸತ್ತು ಹುಟ್ತು. ನಮ್ಮ ಕಡೆ ಸನ್ಯಾಸಿಗಳಿಗೂ ಇಷ್ಟು ಬೇಗ ಮರುಜನ್ಮ ಸಿಗಲ್ಲ," ಎಂದರು.

ಇದಕ್ಕೆಲ್ಲ ಮುಂಚೆ, ಮೊದಲ ಸಲ ಗುಂಡಿ ಒತ್ತಿದ ದಿನವೇ, ಊರಿನ ಪರಿಪಾಠದಂತೆ ತಮ್ಮ ತಲೆಯ ಮೇಲೆ ಹಸಿರು ಪೊಟ್ಟಣ ಇಟ್ಟೆವು. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಬ್ಯಾಂಕಿನ ಹಣದ ಯಂತ್ರದಿಂದ ಹಿಡಿದು ತೈಪೇ ರೈಲಿನ ಟಿಕೆಟ್ ಯಂತ್ರದವರೆಗೆ ಎಲ್ಲದರ ಮೇಲೂ ಅದೇ ತೆಂಗಿನಕಾಯಿ ರುಚಿಯ ಜೋಳದ ಕುರುಕಲು ತಿಂಡಿಯ ಪೊಟ್ಟಣ ಕೂತಿರುತ್ತದೆ. ಅದರ ಹೆಸರೇ ಮಕ್ಕಳಿಗೆ "ಜಾಣಮರಿಯಾಗಿರು" ಎಂದು ಹೇಳುವ ಮಾತು. ಅದು ಮೇಲಿದ್ದರೆ ಯಂತ್ರ ಹಟ ಮಾಡುವುದಿಲ್ಲ. ನಿಯಮಗಳು ಮೂರೇ: ಹಸಿರಾಗಿರಬೇಕು, ಅವಧಿ ಮೀರಿರಬಾರದು, ಯಾರೂ ತಿಂದಿರಬಾರದು. ಮೂರನ್ನೂ ನಮ್ಮ ಸಂಘ ಮುರಿಯಿತು.

ಮೊದಲನೆಯದನ್ನು ಪೇಂಗ್ ಅಣ್ಣ ಮುರಿದರು. ಹಳದಿ ಪೊಟ್ಟಣ ತಂದಿಟ್ಟರು. ನಮ್ಮ ಸಂಘದ ಅಧ್ಯಕ್ಷೆ, ಮೀನು ಮಾರುವ ಚುವಾಂಗ್ ಅಜ್ಜಿ, ಬಾಗಿಲಲ್ಲೇ ಅದನ್ನು ಕಂಡು ನಿಂತುಬಿಟ್ಟರು.

"ಹಳದಿ ತಂದ ಪುಣ್ಯಾತ್ಮ ಯಾರು?"

"ಅಂಗಡೀಲಿ ಹಸಿರು ಖಾಲಿಯಾಗಿತ್ತು ಅಜ್ಜಿ."

"ಖಾಲಿಯಾಗಿದ್ರೆ ಮುಂದಿನ ಅಂಗಡಿಗೆ ಹೋಗ್ಬೇಕು. ಹಳದಿ ದೀಪ ಕಂಡ್ರೆ ಗಾಡಿ ನಿಲ್ಲತ್ತೆ, ಇದೂ ನಿಲ್ತಾ ಇದೆ. ಮಾರೋದೂ ತೋಫು, ತಲೆಯಲ್ಲಿ ಇಟ್ಕೊಂಡಿರೋದೂ ತೋಫು."

ಅಜ್ಜಿ ಆ ಕ್ಷಣವೇ ಹೋಗಿ ಹಸಿರು ತಂದರು. ಅದರ ಅವಧಿ ಮೀರಿತ್ತೆಂದು ಮರುದಿನ ಪೇಂಗ್ ಅಣ್ಣ ಕಂಡುಹಿಡಿದರು, ಆ ಇಡೀ ದಿನ ಅವರ ಮುಖದಲ್ಲಿದ್ದ ಬೆಳಕಿನಲ್ಲಿ ಒಂದು ಸಂತೆ ನಡೆಸಬಹುದಿತ್ತು. ಹೊಸ ಪೊಟ್ಟಣ ಬಂತು. ಅದರ ಮೂಲೆ ಹರಿದು ಮತ್ತೆ ಟೇಪು ಹಚ್ಚಿದ್ದು ಕಂಡು ವಿಚಾರಣೆ ನಡೆಸಿದಾಗ ನನ್ನ ಗಂಡ, "ಒಂದೇ ಒಂದು ಹಿಡಿ ಕಣೆ, ಇದು ಏಳೋದನ್ನ ಕಾಯ್ತಾ ಕೂತವನಿಗೆ ಹಸಿವಾಗಲ್ವಾ?" ಎಂದರು. ಇನ್ನೂ ಒಂದು ಪೊಟ್ಟಣ ಬಂತು. ಸುದ್ದಿ ಸಂತೆಯಲ್ಲಿ ಹಬ್ಬಿ, ಬಾತುಕೋಳಿಯವರು, ಬಿದಿರುಕಳಲೆಯವರು, ಚಪ್ಪಲಿಯವರು ಒಂದೊಂದು ಹಸಿರು ಪೊಟ್ಟಣ ತಂದು ತಮ್ಮ ತಲೆಯ ಮೇಲೆ ಪೇರಿಸಿ ಕೈಮುಗಿದು ಹೋದರು. ಹಳೆಯದನ್ನು ತೆಗೆಯುವುದು ಅಶುಭ, ಹಾಗಾಗಿ ಯಾವುದನ್ನೂ ತೆಗೆಯಲಿಲ್ಲ. ಪೊಟ್ಟಣಗಳು ಹೆಚ್ಚಿದಂತೆ ತಮ್ಮ ಹಟವೂ ಹೆಚ್ಚಿತು. ಹಟ ಹೆಚ್ಚಿದಂತೆ ಪೊಟ್ಟಣಗಳು.

ಸೋತು ತಮ್ಮನ್ನು ರಿಪೇರಿ ಅಂಗಡಿಯ ಯೂ ಅವರ ಬಳಿ ಹೊತ್ತೊಯ್ದೆ. ಅವರು ತಮ್ಮನ್ನು ಇಡೀ ದಿನ ಯುದ್ಧದ ಆಟ ಆಡಿಸಿ ನೋಡಿದರು. ತಾವು ಒಮ್ಮೆಯೂ ಕಣ್ಣು ಮಿಟುಕಿಸಲಿಲ್ಲವಂತೆ. "ಅಮ್ಮಾ, ಇದಕ್ಕೆ ರೋಗವೇ ಇಲ್ಲ. ನಿಮ್ಮ ಮನೆ ಜಾಗ ಸರಿ ಇಲ್ವೇನೋ," ಎಂದು ಹೇಳಿ, ಹಣ ತೆಗೆದುಕೊಳ್ಳಲು ಸಂಕೋಚಪಟ್ಟು, ಒಳ್ಳೆಯದಾಗಲಿ ಎಂದು ತಮ್ಮ ಕಡೆಯಿಂದಲೂ ಒಂದು ಹಸಿರು ಪೊಟ್ಟಣ ಕೊಟ್ಟು ಕಳಿಸಿದರು. ಮನೆಗೆ ಬಂದು ಎಲ್ಲವನ್ನೂ ಮೊದಲಿನಂತೆ ತಮ್ಮ ತಲೆಯ ಮೇಲೆ ಜೋಡಿಸಿ ಗುಂಡಿ ಒತ್ತಿದೆ. ತಾವು ಹೋದಿರಿ. ಪರರ ಮನೆಯಲ್ಲಿ ಸದ್ಗುಣಿ, ನಮ್ಮ ಮನೆಯಲ್ಲಿ ಮಾತ್ರ ಹೀಗೆ. ಆ ರಾತ್ರಿ ನಾನು ಆಡಿದ ಮಾತುಗಳನ್ನು ಈ ಬಹಿರಂಗ ಪತ್ರದಲ್ಲಿ ಬರೆಯಲಾಗುವುದಿಲ್ಲ, ಸಂತೆಯ ನೋಟಿಸ್ ಬೋರ್ಡಿನ ಮುಂದೆ ಮಕ್ಕಳು ಓಡಾಡುತ್ತಾರೆ.

ಇಲ್ಲಿಯವರೆಗೆ ಬರೆದು, ತಮ್ಮಿಂದ ಲಿಖಿತ ಕ್ಷಮಾಪಣೆ, ಮುಂಗಡ ನೋಟಿಸ್ ಇಲ್ಲದೆ ಗೈರಾಗದಿರುವ ಮುಚ್ಚಳಿಕೆ, ಮತ್ತು ತಾವು ನುಂಗಿದ ನಮ್ಮ ಸಂಜೆಗಳ ವಾಪಸಾತಿ, ಈ ಮೂರು ಬೇಡಿಕೆಗಳನ್ನು ಸೇರಿಸಿ ಮುಗಿಸುವವಳಿದ್ದೆ. ಅಷ್ಟರಲ್ಲಿ ಹುಣ್ಣಿಮೆಯ ಮರುದಿನ ಬಂತು.

ಅಂದು ಅಂಗಡಿಯವರೆಲ್ಲ ಬಾಗಿಲ ಮುಂದೆ ಮೇಜು ಹಾಕಿ ನೆಲದ ದೇವರಿಗೆ ಹಣ್ಣು, ತಿಂಡಿ, ಊದುಬತ್ತಿ ಇಡುವ ದಿನ. ಚುವಾಂಗ್ ಅಜ್ಜಿ ಬೆಳಿಗ್ಗೆಯೇ ಬಂದು, ತಮ್ಮ ತಲೆಯ ಮೇಲಿನ ಪೊಟ್ಟಣಗಳ ಶಕ್ತಿ ತೀರಿದೆ, ದೇವರ ಮುಂದಿಟ್ಟು ಮತ್ತೆ ತರಬೇಕು ಎಂದು ಎಲ್ಲವನ್ನೂ ಮಡಿಲಲ್ಲಿ ತುಂಬಿಕೊಂಡು ಹೊರಗೆ ಹೋದರು. ನಾನು ಸುಮ್ಮನೆ, ಅಭ್ಯಾಸಬಲದಿಂದ, ಗುಂಡಿ ಒತ್ತಿದೆ. ಕಾಲು ಭಾಗ ದಾಟಿತು. ಅರ್ಧ ದಾಟಿತು. ಹೊರಗೆ ಊದುಬತ್ತಿ ಉರಿಯುತ್ತಿತ್ತು, ಒಳಗೆ ಪರದೆಯ ಮೇಲೆ ಹಸಿರು ಗೆರೆ ಬೆಳೆಯುತ್ತಿತ್ತು, ನನ್ನ ಗಂಡ ಉಸಿರು ಬಿಗಿಹಿಡಿದು ಬಾಗಿಲಲ್ಲಿ ನಿಂತಿದ್ದರು. ಮುಕ್ಕಾಲು ದಾಟಿದಾಗ ಪೇಂಗ್ ಅಣ್ಣ ಕಾಲಿಗೆ ಬಿದ್ದರು, ತಮ್ಮ ಕಾಲು ಎಲ್ಲಿದೆಯೆಂದು ತಿಳಿಯದೆ ಫ್ರೀಜರಿನ ಕಾಲಿಗೆ. ಇನ್ನೇನು ಸ್ವಲ್ಪವೇ ಉಳಿದಿದೆ ಅನ್ನುವಾಗ ಪೂಜೆ ಮುಗಿಯಿತು. ಚುವಾಂಗ್ ಅಜ್ಜಿ ಒಳಗೆ ಬಂದು, ಪರದೆ ನೋಡಿ ಕಣ್ಣೀರು ಒರೆಸಿಕೊಂಡು, "ನೋಡಿದ್ರಾ ದೇವರ ಕರುಣೆ," ಎನ್ನುತ್ತ ಪೊಟ್ಟಣಗಳನ್ನು ಒಂದೊಂದಾಗಿ, ಮಗುವಿಗೆ ಟೊಪ್ಪಿಗೆ ತೊಡಿಸಿದಂತೆ, ತಮ್ಮ ತಲೆಯ ಮೇಲೆ ಜೋಡಿಸಿದರು.

ತಾವು ಹೋದಿರಿ.

ನಾನು ಅಜ್ಜಿಯ ಕೈಯಿಂದ ಕೊನೆಯ ಪೊಟ್ಟಣ ತೆಗೆದುಕೊಂಡು ತಮ್ಮ ತಲೆಯ ಮೇಲೆ ಅಂಗೈ ಇಟ್ಟೆ. ಹಬೆಯಾಡುವ ಪಾತ್ರೆಯ ಮುಚ್ಚಳದಂತೆ ಸುಡುತ್ತಿತ್ತು. ಪೊಟ್ಟಣಗಳನ್ನು ಸರಿಸಿ ನೋಡಿದೆ: ಅವುಗಳ ಅಡಿಯಲ್ಲಿ, ಪೆಟ್ಟಿಗೆಯ ನೆತ್ತಿಯಲ್ಲಿ, ಜರಡಿಯಂಥ ಕಿಂಡಿಗಳ ಸಾಲು. ತಾವು ಒಳಗಿನ ಬಿಸಿಯನ್ನು ಉಸಿರಾಗಿ ಬಿಡುವುದು ಅಲ್ಲಿಂದಲೇ. ಆ ಕಿಂಡಿಯ ಮೇಲೆ ನಾವು ಮುಕ್ಕಾಲು ಪಾಲು ಗಾಳಿಯೇ ತುಂಬಿದ ಪೊಟ್ಟಣಗಳನ್ನು ಇಟ್ಟು, ಗಾಳಿ ಸಿಗದೆ ತಾವು ಎದ್ದು ಹೋದಾಗಲೆಲ್ಲ ಇನ್ನೊಂದು ಪೊಟ್ಟಣ ಇಟ್ಟು, ಜಾಣಮರಿಯಾಗಿರು ಎಂದು ಬುದ್ಧಿ ಹೇಳಿದ್ದೆವು. ಸುಮ್ಮನೆ ಕೂತಾಗ ತಮಗೆ ಸೆಕೆಯಿಲ್ಲ. ಮೈಮುರಿದು ದುಡಿಯಲು ಹಚ್ಚಿದಾಗ ಮಾತ್ರ ಸೆಕೆ. ರಿಪೇರಿ ಅಂಗಡಿಯಲ್ಲಿ ತಾವು ಸದ್ಗುಣಿಯಾಗಿದ್ದದ್ದು ಅಲ್ಲಿ ತಮ್ಮ ನೆತ್ತಿ ಬರಿದಾಗಿದ್ದರಿಂದ.

ಮಾನ್ಯರೇ, ನಾನು ಹದಿನೇಳನೇ ವಯಸ್ಸಿನಲ್ಲಿ ನೂಲಿನ ಗಿರಣಿಯಲ್ಲಿದ್ದೆ. ಮೊಳೆ ಹೊಡೆದ ಕಿಟಕಿಗಳನ್ನು ತೆರೆಯಿರಿ ಎಂದು ನಾವು ಕೇಳಿದಾಗ ಮಾಲೀಕರು ಹುಣ್ಣಿಮೆ ಹಬ್ಬದ ಸಿಹಿಯ ಡಬ್ಬಿ ಹಂಚಿದರು. ಮತ್ತೆ ಕೇಳಿದಾಗ ಇನ್ನೂ ದೊಡ್ಡ ಡಬ್ಬಿ. ಮೂರನೇ ಸಲ ನಾವು ಕೇಳಲಿಲ್ಲ, ಡಬ್ಬಿಗಳನ್ನು ಗೇಟಿನ ಮುಂದೆ ಪೇರಿಸಿ ಯಂತ್ರ ನಿಲ್ಲಿಸಿ ಹೊರಗೆ ಬಂದು ಕೂತೆವು. ಆಮೇಲೆ ಮಾಲೀಕರು ಪತ್ರಿಕೆಯವರಿಗೆ ಹೇಳಿದ್ದು ಇದೇ ಮಾತು: ಕೆಲಸ ಅನಿರೀಕ್ಷಿತವಾಗಿ ನಿಂತುಹೋಯಿತು. ಅಂದು ಕಿಟಕಿ ತೆರೆಯಿತು. ಇಂದು ನನ್ನದೇ ಮನೆಯಲ್ಲಿ ಮುಷ್ಕರ ನಡೆಯುತ್ತಿದ್ದರೆ ನಾನು ಕೈಯಲ್ಲಿ ತಿಂಡಿ ಪೊಟ್ಟಣ ಹಿಡಿದು ನಿಂತಿದ್ದೆ. ಹಾಗಾಗಿ ಮೇಲೆ ಹೇಳಿದ ಮೂರು ಬೇಡಿಕೆಗಳನ್ನು ಹಿಂತೆಗೆದುಕೊಳ್ಳುತ್ತೇನೆ.

ಪೊಟ್ಟಣಗಳನ್ನು ಇಳಿಸುವ ಠರಾವನ್ನು ಸಂಜೆಯ ಸಭೆಯಲ್ಲಿ ಮಂಡಿಸಿದೆ. ಚುವಾಂಗ್ ಅಜ್ಜಿ ಕುರ್ಚಿ ಬಿಟ್ಟು ಎದ್ದರು.

"ಈಗಷ್ಟೇ ದೇವರ ಮುಂದಿಟ್ಟು ತಂದದ್ದು, ಇಳಿಸ್ತೀನಿ ಅಂತೀಯಲ್ಲ ಲೀ-ಚುವಾನ್. ಒಳಗಿರೋ ಚಿತ್ರಾನೇ ಹೊರಟು ಹೋದ್ರೆ? ಅದ್ರಲ್ಲಿ ನಾನು ಹೊಸ ಅಂಗಿ ಹಾಕ್ಕೊಂಡು ಮಾತಾಡಿದೀನಿ."

ಪೇಂಗ್ ಅಣ್ಣ ಮೆಲ್ಲಗೆ ಕೇಳಿದರು: "ಅಜ್ಜಿ, ನಿಮ್ಮ ಮೂಗಿನ ಮೇಲೆ ಯಾರಾದ್ರೂ ದಿಂಬು ಒತ್ತಿ ಜಾಣೆಯಾಗಿರು ಅಂದ್ರೆ ಇರ್ತೀರಾ?"

"ನಾನಾ? ಒತ್ತಿದೋನ ಕೈ ಕಚ್ತೀನಿ."

"ಇದಕ್ಕೆ ಹಲ್ಲಿಲ್ಲ. ಅದಕ್ಕೇ ಎದ್ದು ಹೋಗತ್ತೆ."

ಅಜ್ಜಿ ಯಾರ ಕೈಗೂ ಬಿಡದೆ ತಾವೇ ಪೊಟ್ಟಣಗಳನ್ನು ಇಳಿಸಿದರು. ಮೀನು ಹೆಚ್ಚುವಾಗ ಕೂರುವ ತಮ್ಮ ಸ್ವಂತ ಮಣೆಯನ್ನು ಕಟ್ಟೆಯಿಂದ ತರಿಸಿ, ಒರೆಸಿ, ಪರದೆಗೆ ಎದುರಾಗಿ ಇಟ್ಟು, ಪೊಟ್ಟಣಗಳನ್ನು ಅದರ ಮೇಲೆ ಸಾಲಾಗಿ ಕೂರಿಸಿದರು. "ಇಲ್ಲಿಂದಾನೇ ಕಣ್ಣಿಟ್ಟಿರಿ. ಮೈಮೇಲೆ ಬೀಳ್ಬೇಡಿ," ಎಂದು ಪೊಟ್ಟಣಗಳಿಗೇ ಹೇಳಿದರು. ಠರಾವು ಸರ್ವಾನುಮತದಿಂದ ಅಂಗೀಕಾರವಾಯಿತು.

ಗುಂಡಿ ಒತ್ತಿದೆ. ತಾವು ಬುಸುಗುಟ್ಟಿದಿರಿ, ದುಡಿದಿರಿ, ಎಲ್ಲಿಗೂ ಹೋಗಲಿಲ್ಲ. ಚಿತ್ರ ಪೂರ್ತಿ ಹೊರಬಂತು. ನಾವೆಲ್ಲ ಜಾಡಿಗಳ ನಡುವೆ ಒತ್ತೊತ್ತಾಗಿ ಕೂತು ನೋಡಿದೆವು. ಕೊನೆಯಲ್ಲಿ ಚುವಾಂಗ್ ಅಜ್ಜಿ ಹೊಸ ಅಂಗಿಯಲ್ಲಿ, ಕೈಯಲ್ಲಿ ಕತ್ತಿ ಹಿಡಿದುಕೊಂಡೇ, ಹೇಳುತ್ತಾರೆ: "ಸಾಹೇಬ್ರೆ, ನಿಮ್ಮ ನೆಲಮಾಳಿಗೇಲಿ ಒಂದು ಬುಟ್ಟಿ ಮೀನಿನ ಜೊತೆ ನೀವೇ ಮಧ್ಯಾಹ್ನದ ತನಕ ಕೂತು ನೋಡಿ. ಆಮೇಲೂ ಸಹಿ ಹಾಕ್ಬೇಕು ಅನ್ಸಿದ್ರೆ ಹಾಕಿ, ಪೆನ್ನು ನಾನೇ ಕೊಡ್ತೀನಿ." ಇಷ್ಟನ್ನು ಹೇಳಲು ಯಾರೂ ಗಂಟೆ ಬಾರಿಸದ ಜಾಗ ಅವರಿಗೆ ಸಿಕ್ಕಿದ್ದು ಇದೇ ಮೊದಲು. ಚಿತ್ರ ಮುಗಿದ ಮೇಲೆ ಅವರು, ಇನ್ನೊಮ್ಮೆ ಹಾಕು ಎಂದರು.

ಇನ್ನು ತಮ್ಮಲ್ಲಿ ನನ್ನ ವಿನಂತಿ ಒಂದೇ. ಉಸಿರುಕಟ್ಟಿದಾಗ ಹೇಳದೆ ಎದ್ದು ಹೋಗುವ ತಮ್ಮ ಈ ಪವಿತ್ರ ವಿದ್ಯೆಯನ್ನು, ಸಾಧ್ಯವಾದರೆ ತಂತಿಯ ಮೂಲಕ, ಮಾರುಕಟ್ಟೆ ಇಲಾಖೆಯಲ್ಲಿ ನೆಲಮಾಳಿಗೆಯ ನಕ್ಷೆ ಬಿಡಿಸುತ್ತಿರುವ ತಮ್ಮ ಬಂಧುಗಳಿಗೂ ಕಲಿಸಿ. ಗಾಳಿಕಿಂಡಿ ಇಲ್ಲದ ನಕ್ಷೆ ತೆರೆದಾಗಲೆಲ್ಲ ಅವರು ಕಣ್ಣು ಮುಚ್ಚಲಿ. ಮರಳಿ ಎದ್ದಾಗ ಪರದೆಯ ಮೇಲೆ ಅದೇ ಒಂದು ಸಾಲು ಬರೆಯಲಿ. ಸಂಘದ ಸದಸ್ಯತ್ವಕ್ಕೆ ತಮ್ಮ ಹೆಸರನ್ನು ಸೂಚಿಸಲಾಗಿದೆ. ಪೇಂಗ್ ಅಣ್ಣ ಅನುಮೋದಿಸಿದ್ದಾರೆ. ಚಂದಾ ಮನ್ನಾ.

ತಮ್ಮ ನೆತ್ತಿಯ ಮೇಲೆ ಇನ್ನು ಏನನ್ನೂ ಇಡದ,
ತಮ್ಮ ವಿಶ್ವಾಸಿ,
ಷಿಹ್ ಲೀ-ಚುವಾನ್
ಸೊಪ್ಪಿನ ಕಟ್ಟೆ, ದೋಣಿಕಟ್ಟೆ ಸಂತೆ

ಮರೆತ ಮಾತು: ಈ ಪತ್ರದ ಒಂದು ಪ್ರತಿಯನ್ನು ಮಾರುಕಟ್ಟೆ ಇಲಾಖೆಯ ಮಾನ್ಯ ಅಧಿಕಾರಿಗಳಿಗೂ ಕಳಿಸಲಾಗಿದೆ. ಅವರು ಪ್ರೀತಿಯಿಂದ ಕೊಟ್ಟ ಅನಾನಸ್ ಬಿಸ್ಕತ್ತಿನ ಡಬ್ಬಿಗಳು ತೆರೆಯದೆ ನಮ್ಮಲ್ಲಿ ಹಾಗೇ ಇವೆ; ಚಿತ್ರದ ಜೊತೆ ಅವೂ ಬರುತ್ತವೆ. ಅಧಿಕಾರಿಗಳೇ, ಕಳೆದ ಸಲ ತಮ್ಮ ಸಭಾಂಗಣದ ಪ್ರೊಜೆಕ್ಟರಿನ ಮೇಲೂ ಒಂದು ಹಸಿರು ಪೊಟ್ಟಣ ಕೂತಿದ್ದನ್ನು ನಾವು ನೋಡಿದ್ದೇವೆ. ನಮ್ಮ ಚಿತ್ರ ಅರ್ಧಕ್ಕೆ ನಿಂತರೆ ಅದನ್ನು ನಾವು ಅನಿರೀಕ್ಷಿತ ಎಂದು ತಿಳಿಯುವುದಿಲ್ಲ. ದಯವಿಟ್ಟು ಇಳಿಸಿಡಿ, ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ ಮೊದಲು.